ಮಿಕಕ್ಕೆ ತಕ್ಕ ತೋಟಾ: ಬೇಟೆ ರೈಫಲ್‌ಗೆ ಕಾರ್ಟ್ರಿಜ್ ಆರಿಸುವುದು ಹೇಗೆ?

ಬೇಟೆ ರೈಫಲ್ ಕೊಳ್ಳಲು ಹೊರಟವರು ಮೊದಲು ಕೇಳುವುದು "ಯಾವ ಕ್ಯಾಲಿಬರ್ ಒಳ್ಳೆಯದು?" ಅಂತ, ಅಂದರೆ ಗುಂಡಿನ ಅಥವಾ ನಳಿಗೆಯ ಅಗಲ ಎಷ್ಟಿರಬೇಕು ಅಂತ. ಆ ಪ್ರಶ್ನೆ ಕೊನೆಗೆ ಬರಬೇಕು. ಮೊದಲು ತಿಳಿಯಬೇಕಾದದ್ದು ಬೇರೆ. ಮಿಕ ಯಾವುದು? ಎಷ್ಟು ದೂರದಿಂದ ಈಡು ಹೊಡೆಯುತ್ತೀರಿ? ಕೋವಿ ಒದ್ದಾಗ ನಿಮ್ಮ ಹೆಗಲು ತಡೆಯುತ್ತದಾ? ಈ ಮೂರಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟರೆ ನೂರಾರು ತೋಟಾಗಳ ಪಟ್ಟಿ ನಾಲ್ಕೈದಕ್ಕೆ ಇಳಿಯುತ್ತದೆ. ಆ ನಾಲ್ಕೈದರಲ್ಲಿ ಯಾವುದನ್ನು ಆರಿಸಿದರೂ ನಡೆಯುತ್ತದೆ. ನಿಜವಾದ ವ್ಯತ್ಯಾಸ ಇರುವುದು ತೋಟಾದ ಹೆಸರಿನಲ್ಲಲ್ಲ, ಅದರ ತುದಿಯಲ್ಲಿ ಕೂತಿರುವ ಗುಂಡಿನಲ್ಲಿ. ಈ ಮಾತು ಮುಂದೆ ಮತ್ತೆ ಮತ್ತೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಹಂತ 1: ಕಾನೂನು ಏನು ಹೇಳುತ್ತದೆ ನೋಡಿ

ಎಲ್ಲಿ ಬೇಟೆಗೆ ಪರವಾನಗಿ ಸಿಗುತ್ತದೋ ಅಲ್ಲಿಗೆ ಮಾತ್ರ ಈ ಬರಹ ಅನ್ವಯಿಸುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಪರವಾನಗಿ ಕೊಡುವ ದೇಶಗಳಲ್ಲೂ ಯಾವ ಪ್ರಾಣಿಗೆ ಯಾವ ತೋಟಾ ಎಂಬುದಕ್ಕೆ ನಿಯಮ ಇರುತ್ತದೆ. ಆ ನಿಯಮಗಳು ಒಂದು ದೇಶದಿಂದ ಇನ್ನೊಂದಕ್ಕೆ ಹೊಂದುವುದಿಲ್ಲ.

ಜರ್ಮನಿಯನ್ನು ನೋಡಿ. ಅಲ್ಲಿ ರೋ ಜಿಂಕೆಗೆ 100 ಮೀಟರ್ ದೂರದಲ್ಲಿ ಗುಂಡಿನ ಶಕ್ತಿ ಕನಿಷ್ಠ 1,000 ಜೂಲ್ ಇರಬೇಕು. ಕೆಂಪು ಜಿಂಕೆ, ಕಾಡುಹಂದಿಯಂಥವಕ್ಕೆ 2,000 ಜೂಲ್ ಬೇಕು, ಜೊತೆಗೆ ಕ್ಯಾಲಿಬರ್ 6.5 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. .243 ವಿಂಚೆಸ್ಟರ್ ಎಂಬ ತೋಟಾದ ಗುಂಡು ಸುಮಾರು 6.2 ಮಿಲಿಮೀಟರ್. ಶಕ್ತಿ ಎಷ್ಟೇ ಇರಲಿ, ಅಲ್ಲಿ ಕೆಂಪು ಜಿಂಕೆಗೆ ಅದು ನಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಕೆಳಮಿತಿ .240 ಇಂಚು. ಅಲ್ಲಿ ಅದೇ ತೋಟಾ, ಅದೇ ಪ್ರಾಣಿ, ತಕರಾರಿಲ್ಲ. ಸ್ವೀಡನ್‌ನಲ್ಲಿ ಮೂಸ್‌ಗೆ (ಜಿಂಕೆ ಜಾತಿಯ ಭಾರಿ ಪ್ರಾಣಿ) ಹೊಡೆಯುವ ಗುಂಡು ಕನಿಷ್ಠ 9 ಗ್ರಾಂ ತೂಗಬೇಕು. ತೂಕ 10 ಗ್ರಾಂ ಮುಟ್ಟಿದರೆ ಶಕ್ತಿಯ ಷರತ್ತು ಸಡಿಲವಾಗುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ ಗುಂಡಿನ ಕನಿಷ್ಠ ತೂಕ ಜಿಂಕೆಗೊಂದು, ಎಲ್ಕ್ (ಜಿಂಕೆ ಜಾತಿಯದೇ ದೊಡ್ಡ ಪ್ರಾಣಿ) ಮತ್ತು ಮೂಸ್‌ಗೆ ಇನ್ನೊಂದು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ನಿಷಿದ್ಧ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಿಯಮದ ಪುಸ್ತಕ ತೆರೆಯಿರಿ. ಅರ್ಧ ಆಯ್ಕೆ ಅಲ್ಲೇ ಮುಗಿದಿರುತ್ತದೆ.

ಹಂತ 2: ಡಬ್ಬಿಯ ಮೇಲಿನ ಹೆಸರು ಓದಲು ಕಲಿಯಿರಿ

ತೋಟಾ ಅಂದರೆ ನಾಲ್ಕು ಭಾಗ: ಹಿತ್ತಾಳೆಯ ಕೇಸ್, ಕಿಡಿ ಕೊಡುವ ಪ್ರೈಮರ್, ಒಳಗಿನ ಮದ್ದು, ತುದಿಯ ಗುಂಡು. ಹೆಸರಿನಲ್ಲಿರುವ ಅಂಕಿ ಸಾಮಾನ್ಯವಾಗಿ ಗುಂಡಿನ ಅಥವಾ ನಳಿಗೆಯ ಅಗಲ ಹೇಳುತ್ತದೆ. ಆದರೆ ಇದರಲ್ಲಿ ಶಿಸ್ತು ಹುಡುಕಬೇಡಿ. .308 ವಿಂಚೆಸ್ಟರ್‌ನ ಗುಂಡು ನಿಜವಾಗಿಯೂ .308 ಇಂಚು. .270 ವಿಂಚೆಸ್ಟರ್‌ನ ಗುಂಡು .277 ಇಂಚು. .30-06ರಲ್ಲಿ 06 ಅಂದರೆ 1906, ಅದು ಸೇನೆಗೆ ಸೇರಿದ ವರ್ಷ. ಯುರೋಪಿನ ಪದ್ಧತಿ ಸ್ವಲ್ಪ ನೇರ. 6.5×55 ಅಂದರೆ ಕ್ಯಾಲಿಬರ್ 6.5, ಕೇಸಿನ ಉದ್ದ 55 ಮಿಲಿಮೀಟರ್.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. ರೈಫಲ್‌ನ ನಳಿಗೆ ಮೇಲೆ ಏನು ಕೆತ್ತಿದೆಯೋ ಅದೇ ತೋಟಾ ಹಾಕಬೇಕು. ಒಳಗೆ ಕೂತಿತು ಅಂದ ಮಾತ್ರಕ್ಕೆ ಸರಿ ಅಂತಲ್ಲ. .300 ಬ್ಲ್ಯಾಕ್‌ಔಟ್ ತೋಟಾ ಕೆಲವೊಮ್ಮೆ .223 ರೈಫಲ್‌ನೊಳಗೆ ಹೋಗಿ ಕೂತುಬಿಡುತ್ತದೆ. ಟ್ರಿಗರ್ ಒತ್ತಿದರೆ .308 ಇಂಚಿನ ಗುಂಡು .224 ಇಂಚಿನ ನಳಿಗೆಯಲ್ಲಿ ಸಿಕ್ಕಿ, ರೈಫಲ್ಲೇ ಒಡೆದುಹೋಗುತ್ತದೆ. ಎರಡೂ ಇಟ್ಟುಕೊಂಡವರು ಅವುಗಳನ್ನು ಒಂದೇ ಚೀಲಕ್ಕೆ ಹಾಕಲೇಬಾರದು.

ಗುಂಡಿನ ತೂಕ ಡಬ್ಬಿಯ ಮೇಲೆ ಗ್ರೇನ್‌ನಲ್ಲಿ ಇರುತ್ತದೆ. ಸುಮಾರು 15.4 ಗ್ರೇನ್ ಅಂದರೆ ಒಂದು ಗ್ರಾಂ. 150 ಗ್ರೇನ್ ಗುಂಡು 9.7 ಗ್ರಾಂ ತೂಗುತ್ತದೆ.

ಹಂತ 3: ಶಕ್ತಿಯ ಅಂಕಿಯನ್ನು ಅಳತೆಯಾಗಿ ಬಳಸಿ, ದೇವರಾಗಿ ಅಲ್ಲ

ಗುಂಡಿನ ಶಕ್ತಿಯನ್ನು ತೂಕ ಮತ್ತು ವೇಗದಿಂದ ಲೆಕ್ಕ ಹಾಕುತ್ತಾರೆ. ತೂಕ ಇಮ್ಮಡಿಯಾದರೆ ಶಕ್ತಿ ಇಮ್ಮಡಿ, ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು. ನಳಿಗೆ ಬಾಯಲ್ಲಿ ಸಿಗುವ ಅಂಕಿಗಳು ಹೆಚ್ಚುಕಡಿಮೆ ಹೀಗಿರುತ್ತವೆ:

.22 ಲಾಂಗ್ ರೈಫಲ್, 40 ಗ್ರೇನ್: ಸುಮಾರು 180 ಜೂಲ್
.223 ರೆಮಿಂಗ್ಟನ್, 55 ಗ್ರೇನ್: ಸುಮಾರು 1,700
.243 ವಿಂಚೆಸ್ಟರ್, 100 ಗ್ರೇನ್: ಸುಮಾರು 2,600
6.5 ಕ್ರೀಡ್‌ಮೂರ್, 140 ಗ್ರೇನ್: ಸುಮಾರು 3,100
.308 ವಿಂಚೆಸ್ಟರ್, 150 ಗ್ರೇನ್: ಸುಮಾರು 3,600
.30-06 ಸ್ಪ್ರಿಂಗ್‌ಫೀಲ್ಡ್, 180 ಗ್ರೇನ್: ಸುಮಾರು 3,950
.300 ವಿಂಚೆಸ್ಟರ್ ಮ್ಯಾಗ್ನಮ್, 180 ಗ್ರೇನ್: ಸುಮಾರು 4,700
.375 ಎಚ್ ಅಂಡ್ ಎಚ್ ಮ್ಯಾಗ್ನಮ್, 300 ಗ್ರೇನ್: ಸುಮಾರು 5,800

ಬೇಟೆಗಾರರ ನಡುವೆ ಹಳೆಯ ಲೆಕ್ಕವೊಂದಿದೆ. ಗುಂಡು ತಗಲುವ ಜಾಗದಲ್ಲಿ ಜಿಂಕೆಗೆ ಸುಮಾರು 1,350 ಜೂಲ್, ಎಲ್ಕ್‌ನಂಥ ದೊಡ್ಡದಕ್ಕೆ 2,000 ಜೂಲ್ ಉಳಿದಿರಬೇಕು ಅಂತ. ಅಂದಾಜಿಗೆ ಪರವಾಗಿಲ್ಲ. ಆದರೆ ಪ್ರಾಣಿ ಜೂಲ್‌ನಿಂದ ಸಾಯುವುದಿಲ್ಲ. ಹೃದಯ ಅಥವಾ ಶ್ವಾಸಕೋಶ ಹರಿದು, ರಕ್ತ ಹೋಗಿ ಸಾಯುತ್ತದೆ. 4,700 ಜೂಲ್ ಹೊಟ್ಟೆಗೆ ಬಿದ್ದರೆ ಮಿಕ ಗಂಟೆಗಟ್ಟಲೆ ನರಳುತ್ತದೆ. 2,600 ಜೂಲ್ ಎದೆಗೂಡಿನ ಒಳಗೆ ಹೋದರೆ ನೂರು ಮೀಟರ್ ಓಡುವಷ್ಟರಲ್ಲಿ ಬೀಳುತ್ತದೆ.

ಶಕ್ತಿಯಷ್ಟೇ ಮುಖ್ಯವಾದದ್ದು ಗುಂಡು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು. ಅದನ್ನು ಅಂದಾಜು ಮಾಡಲು ಸೆಕ್ಷನಲ್ ಡೆನ್ಸಿಟಿ ಎಂಬ ಅಂಕಿ ಇದೆ, ಅಂದರೆ ಅಗಲಕ್ಕೆ ಹೋಲಿಸಿದರೆ ಗುಂಡಿನ ತೂಕ ಎಷ್ಟು ಅಂತ. ಉದ್ದನೆಯ, ತೆಳ್ಳಗಿನ, ಭಾರದ ಗುಂಡಿಗೆ ಈ ಅಂಕಿ ಜಾಸ್ತಿ. .223ರ 55 ಗ್ರೇನ್ ಗುಂಡಿಗೆ ಅದು .157. 6.5 ಮಿಲಿಮೀಟರ್‌ನ 140 ಗ್ರೇನ್ ಗುಂಡಿಗೆ .287. .308ರ 150 ಗ್ರೇನ್ ಗುಂಡಿಗೆ .226 ಮಾತ್ರ. 1890ರ ದಶಕದ 6.5×55 ತೋಟಾ ಇವತ್ತಿಗೂ ಸ್ಕ್ಯಾಂಡಿನೇವಿಯಾದಲ್ಲಿ ಮೂಸ್ ಬೇಟೆಗೆ ಬಳಕೆಯಲ್ಲಿರುವುದು ಇದೇ ಕಾರಣಕ್ಕೆ. ಶಕ್ತಿಯ ಪಟ್ಟಿಯಲ್ಲಿ ಅದು ಸಾಧಾರಣ, ಆದರೆ ಅದರ 156 ಗ್ರೇನ್‌ನ ಉದ್ದ ಗುಂಡು ಆಳಕ್ಕೆ ಹೋಗುತ್ತದೆ.

ಹಂತ 4: ಗುಂಡಿನ ರಚನೆ ಆರಿಸಿ

ಈ ಹಂತಕ್ಕೆ ಸಮಯ ಕೊಡಿ. ಕ್ಯಾಲಿಬರ್ ಬಗ್ಗೆ ಜಗಳ ಆಡುವವರು ಬೇಕಾದಷ್ಟು ಸಿಗುತ್ತಾರೆ, ಗುಂಡಿನ ಬಗ್ಗೆ ಯೋಚಿಸುವವರು ಕಡಿಮೆ.

ಬೇಟೆ ಗುಂಡಿಗೆ ಎರಡು ಕೆಲಸ. ದೇಹದೊಳಗೆ ಹೋದಮೇಲೆ ಅರಳಬೇಕು, ಅರಳಿಯೂ ಚೂರಾಗದೆ ಮುಂದೆ ಸಾಗಬೇಕು. ಈ ಎರಡೂ ಒಂದನ್ನೊಂದು ಎಳೆದಾಡುತ್ತವೆ. ಬೇಗ ಅರಳಿದರೆ ಆಳ ಸಿಗುವುದಿಲ್ಲ, ಅರಳದಿದ್ದರೆ ಗಾಯ ಸೂಜಿಯಷ್ಟು ತೆಳು. ಪ್ರಾಣಿ ಚಿಕ್ಕದಿದ್ದರೆ ಮೊದಲನೆಯದು ಮುಖ್ಯ, ದೊಡ್ಡದಿದ್ದರೆ ಎರಡನೆಯದು.

ಸಾಮಾನ್ಯ ಸಾಫ್ಟ್ ಪಾಯಿಂಟ್ ಗುಂಡಿನಲ್ಲಿ ಒಳಗೆ ಸೀಸ, ಮೇಲೆ ತಾಮ್ರದ ಕವಚ, ತುದಿಯಲ್ಲಿ ಸೀಸ ಹೊರಗೆ ಕಾಣುತ್ತದೆ. ಮಧ್ಯಮ ಗಾತ್ರದ ಜಿಂಕೆಗೆ, ಮಧ್ಯಮ ವೇಗದ ತೋಟಾದಲ್ಲಿ, ಇದು ಇವತ್ತಿಗೂ ಧಾರಾಳ ಸಾಕು. ಬೆಲೆಯೂ ಕಡಿಮೆ. ತೊಂದರೆ ಬರುವುದು ವೇಗ ಜಾಸ್ತಿ ಆದಾಗ, ಇಲ್ಲವೇ ದಪ್ಪ ಮೂಳೆ ಅಡ್ಡ ಬಂದಾಗ. ಆಗ ಗುಂಡು ಮೇಲ್ಮೈಯಲ್ಲೇ ಒಡೆದುಹೋಗಬಹುದು.

ಅಮೆರಿಕದ ಜಾನ್ ನೋಸ್ಲರ್ 1940ರ ದಶಕದಲ್ಲಿ ಮೂಸ್ ಬೇಟೆಯಲ್ಲಿ ಇದೇ ಸಮಸ್ಯೆ ಎದುರಿಸಿ ಪಾರ್ಟಿಷನ್ ಗುಂಡು ಮಾಡಿದರು. ಅದರ ನಡುವೆ ತಾಮ್ರದ ಒಂದು ಗೋಡೆ ಇದೆ. ಮುಂದಿನ ಅರ್ಧ ಅರಳಿ ಹೋದರೂ ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಮುಂದೆ ನುಗ್ಗುತ್ತದೆ. ಅದಾದ ಮೇಲೆ ಬಾಂಡೆಡ್ ಗುಂಡುಗಳು ಬಂದವು. ಅವುಗಳಲ್ಲಿ ಸೀಸವನ್ನು ಕವಚಕ್ಕೆ ಬೆಸೆದಿರುತ್ತಾರೆ, ಹಾಗಾಗಿ ಎರಡೂ ಬೇರೆಯಾಗುವುದಿಲ್ಲ. ಎಲ್ಕ್, ಮೂಸ್, ದೊಡ್ಡ ಹಂದಿಗೆ ಹೋಗುವವರು ಇವೆರಡರಲ್ಲಿ ಒಂದನ್ನು ನೋಡಬೇಕು.

ಇನ್ನೊಂದು ಬಗೆ ಪೂರ್ತಿ ತಾಮ್ರದ್ದು, ಸೀಸವೇ ಇಲ್ಲ. ತುದಿಯಲ್ಲಿ ಒಂದು ಕುಳಿ ಇರುತ್ತದೆ. ತಗಲಿದಾಗ ಅದು ಎಸಳುಗಳಾಗಿ ಬಿಚ್ಚಿಕೊಳ್ಳುತ್ತದೆ, ತೂಕ ಬಹುತೇಕ ಹಾಗೇ ಉಳಿಯುತ್ತದೆ. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅಷ್ಟೇ ತೂಕದ ತಾಮ್ರದ ಗುಂಡು ಉದ್ದವಾಗಿರುತ್ತದೆ. ಸೀಸದಲ್ಲಿ 180 ಗ್ರೇನ್ ಬಳಸುವವರು ತಾಮ್ರದಲ್ಲಿ 150 ಅಥವಾ 165 ತೆಗೆದುಕೊಂಡರೆ ಸಾಕು. ಇದಕ್ಕೆ ವೇಗ ಬೇಕು ಅನ್ನುವುದು ನೆನಪಿರಲಿ. ಸೆಕೆಂಡಿಗೆ ಸುಮಾರು 600 ಮೀಟರ್‌ಗಿಂತ ಕೆಳಗಿಳಿದರೆ ಹಲವು ತಾಮ್ರದ ಗುಂಡುಗಳು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಸೀಸದ ಗುಂಡಿಗೆ ಸಾಮಾನ್ಯವಾಗಿ 550 ಸಾಕು. ತಯಾರಕರು ಈ ಕನಿಷ್ಠ ವೇಗವನ್ನು ಹೇಳಿರುತ್ತಾರೆ, ಹುಡುಕಿ ಓದಿ.

ಸೀಸದ ಗುಂಡಿನ ಸಣ್ಣ ಚೂರುಗಳು ಮಾಂಸದಲ್ಲಿ, ಬಿಟ್ಟುಬಂದ ಕರುಳಿನಲ್ಲಿ ಉಳಿಯುತ್ತವೆ. ಕರುಳು ತಿನ್ನುವ ಹದ್ದುಗಳಿಗೆ ವಿಷವಾಗುತ್ತದೆ. ಕ್ಯಾಲಿಫೋರ್ನಿಯಾದ ನಿಷೇಧದ ಹಿಂದೆ ಅಲ್ಲಿನ ಕಾಂಡೋರ್ ಹದ್ದುಗಳ ಕಥೆ ಇದೆ. ಮನೆಯಲ್ಲಿ ಮಕ್ಕಳು ಬೇಟೆ ಮಾಂಸ ತಿನ್ನುತ್ತಾರೆ ಅಂದರೆ ನಾನಂತೂ ತಾಮ್ರವನ್ನೇ ಹೇಳುತ್ತೇನೆ.

ಪೂರ್ತಿ ಕವಚವಿರುವ ಸೇನೆಯ ಮಾದರಿಯ ಗುಂಡು ಜಿಂಕೆ ಬೇಟೆಗೆ ಬೇಡ. ಅದು ಅರಳದೆ ಆಚೆಗೆ ಹೊರಟುಹೋಗುತ್ತದೆ, ಪ್ರಾಣಿ ಗಾಯಗೊಂಡು ತಪ್ಪಿಸಿಕೊಳ್ಳುತ್ತದೆ. ಅನೇಕ ಕಡೆ ಕಾನೂನೂ ಬಿಡುವುದಿಲ್ಲ.

ಹಂತ 5: ಮಿಕದ ಗಾತ್ರಕ್ಕೆ ಹೊಂದಿಸಿ

*ಮೊಲ, ಅಳಿಲು.* 1887ರಿಂದ ಇರುವ .22 ಲಾಂಗ್ ರೈಫಲ್ ಇಲ್ಲಿಗೆ ಸಾಕು. ಅಗ್ಗ, ಸದ್ದು ಕಡಿಮೆ, ಒದೆತ ಇಲ್ಲವೇ ಇಲ್ಲ ಅನ್ನಬಹುದು. ಐವತ್ತು ಅರವತ್ತು ಮೀಟರ್ ಇದರ ಮಿತಿ. 50ಕ್ಕೆ ಗುರಿ ಕಟ್ಟಿದ್ದರೆ (ಅಂದರೆ ಆ ದೂರದಲ್ಲಿ ಗುಂಡು ಗುರಿಗೇ ಬೀಳುವಂತೆ ರೈಫಲ್ ಹೊಂದಿಸಿದ್ದರೆ) 100 ಮೀಟರ್‌ಗೆ ಗುಂಡು ಒಂದು ಗೇಣಿನಷ್ಟು ಕೆಳಗೆ ಬೀಳುತ್ತದೆ. ಇನ್ನೂ ದೂರ ಬೇಕಾದರೆ 2002ರಲ್ಲಿ ಬಂದ .17 ಎಚ್‌ಎಂಆರ್ ಇದೆ. ಅದರ 17 ಗ್ರೇನ್‌ನ ಪುಟ್ಟ ಗುಂಡು ಸೆಕೆಂಡಿಗೆ ಸುಮಾರು 775 ಮೀಟರ್ ಹೋಗುತ್ತದೆ, ಆದರೆ ಗಾಳಿ ಬೀಸಿದರೆ ಪಕ್ಕಕ್ಕೆ ಸರಿಯುತ್ತದೆ. ಮೊಲಕ್ಕೆ .223 ಹೊಡೆದರೆ ತಿನ್ನಲು ಏನೂ ಉಳಿಯುವುದಿಲ್ಲ. .22 ಚಿಕ್ಕದೆಂದು ಹಗುರವಾಗಿ ನೋಡಬೇಡಿ. ಅದರ ಗುಂಡು ಒಂದೂವರೆ ಕಿಲೋಮೀಟರ್ ದಾಟಿ ಹೋಗಬಲ್ಲದು, ಕಲ್ಲಿಗೆ ನೀರಿಗೆ ಬಡಿದು ಚಿಮ್ಮುವುದೂ ಜಾಸ್ತಿ.

*ನರಿ, ಕಯೋಟೆ (ಅಮೆರಿಕದ, ತೋಳದಂಥ ಪ್ರಾಣಿ).* .223 ರೆಮಿಂಗ್ಟನ್, ತೆಳು ಕವಚದ 50–55 ಗ್ರೇನ್ ಗುಂಡು. ಬಯಲಿನಲ್ಲಿ ದೂರ ಹೊಡೆಯುವವರಿಗೆ .22-250. ಇಲ್ಲಿ ಇನ್ನೇನೂ ಯೋಚಿಸುವಂಥದ್ದಿಲ್ಲ.

*ರೋ ಜಿಂಕೆಯಂಥ ಚಿಕ್ಕವು, 20–30 ಕಿಲೋ.* ಕೆಲವು ಕಡೆ .223ಗೂ ಅನುಮತಿ ಇದೆ. ಹಾಗೆ ಬಳಸುವುದಾದರೆ ನರಿಗೆ ಹೊಡೆಯುವ ತೆಳು ಗುಂಡು ಬೇಡ, ಜಿಂಕೆಗೆಂದೇ ಮಾಡಿದ ಗಟ್ಟಿ ಗುಂಡು ಇರಲಿ. .243 ಇದ್ದರೆ ಇನ್ನೂ ನೆಮ್ಮದಿ.

*ಮಧ್ಯಮ ಗಾತ್ರ, 40ರಿಂದ 140 ಕಿಲೋ.* ಬಿಳಿಬಾಲದ ಜಿಂಕೆ, ಮ್ಯೂಲ್ ಡಿಯರ್, ಫ್ಯಾಲೋ, ಪ್ರಾಂಗ್‌ಹಾರ್ನ್, ಸಾಧಾರಣ ಕಾಡುಹಂದಿ ಎಲ್ಲ ಇಲ್ಲೇ ಬರುತ್ತವೆ. ಜಗಳವೂ ಇಲ್ಲೇ ಜಾಸ್ತಿ. .243 (1955), 6.5 ಕ್ರೀಡ್‌ಮೂರ್ (2007), .270 (1925), 7 ಎಂಎಂ-08 (1980), .308 (1952), ಇವುಗಳಲ್ಲಿ ಯಾವುದೂ ಸೋಲುವುದಿಲ್ಲ. ಹೊಸಬರಿಗೆ, ಸಣ್ಣ ಮೈಕಟ್ಟಿನವರಿಗೆ 7 ಎಂಎಂ-08 ಅಥವಾ 6.5 ಕ್ರೀಡ್‌ಮೂರ್ ನನ್ನ ಸಲಹೆ. ಎಲ್ಲಿ ಹೋದರೂ ತೋಟಾ ಸಿಗಬೇಕು ಅನ್ನುವವರಿಗೆ .308. .243 ಚೆನ್ನಾಗಿದೆ, ಆದರೆ ಅದನ್ನು "ಮಕ್ಕಳ ಕೋವಿ" ಅಂತ ಕೊಡಿಸುವುದು ನನಗೆ ಸರಿ ಕಾಣುವುದಿಲ್ಲ. ಹಗುರ ಗುಂಡಿನಲ್ಲಿ ಗುರಿ ತಪ್ಪಿದರೆ ಕ್ಷಮೆ ಕಡಿಮೆ, ಅದನ್ನು ನಿಭಾಯಿಸಲು ಅನುಭವ ಬೇಕು.

ದಟ್ಟ ಕಾಡಿನಲ್ಲಿ, ನೂರು ಮೀಟರ್ ಒಳಗಿನ ಈಡಿಗೆ 1895ರ .30-30 ಇನ್ನೂ ಚೆನ್ನಾಗಿ ದುಡಿಯುತ್ತದೆ. ಅದರ, ಲಿವರ್ ಎಳೆದು ತೋಟಾ ಏರಿಸುವ ರೈಫಲ್‌ಗಳಲ್ಲಿ ತೋಟಾಗಳು ಕೊಳವೆಯೊಳಗೆ ಒಂದರ ಹಿಂದೆ ಒಂದು ಕೂರುತ್ತವೆ. ಹಾಗಾಗಿ ಚೂಪು ಗುಂಡು ಹಾಕುವಂತಿಲ್ಲ. ಅದು ಮುಂದಿನ ತೋಟಾದ ಪ್ರೈಮರ್‌ಗೆ ಕುಟ್ಟಿದರೆ ಕೊಳವೆಯೊಳಗೇ ಸಿಡಿಯಬಹುದು. ಮೊಂಡು ತುದಿಯದ್ದು, ಇಲ್ಲವೇ ಇದಕ್ಕೆಂದೇ ಮಾಡಿದ ಮೆತ್ತನೆ ತುದಿಯದ್ದು ಮಾತ್ರ.

ದೊಡ್ಡ ಗಂಡು ಹಂದಿಯ ವಿಷಯ ಬೇರೆ. ಅದರ ಹೆಗಲ ಮೇಲೆ ದಪ್ಪ, ಗಡಸು ಚರ್ಮದ ಪದರ ಇರುತ್ತದೆ. ಬಾಂಡೆಡ್ ಅಥವಾ ತಾಮ್ರದ ಗುಂಡು ಹಾಕಿ. ಹಂದಿಯನ್ನು ಎಬ್ಬಿಸಿ ಓಡಿಸಿ ಹೊಡೆಯುವ ಯುರೋಪಿನ ಬೇಟೆಯಲ್ಲಿ 1905ರ 9.3×62ಕ್ಕೆ ಇವತ್ತಿಗೂ ಬೇಡಿಕೆ ಇರುವುದಕ್ಕೆ ಕಾರಣ ಅದರ ಭಾರದ ಗುಂಡು.

*ಕೆಂಪು ಜಿಂಕೆ, ಎಲ್ಕ್, ಮೂಸ್: 150ರಿಂದ 600 ಕಿಲೋ.* .30-06ಗೆ ನೂರು ವರ್ಷ ದಾಟಿದೆ, ಆದರೂ 180 ಗ್ರೇನ್‌ನ ಗಟ್ಟಿ ಗುಂಡಿನೊಂದಿಗೆ ಇದಕ್ಕಿಂತ ನಂಬಿಕಸ್ತ ತೋಟಾ ಸಿಗುವುದು ಕಷ್ಟ. 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ (1962), .300 ವಿಂಚೆಸ್ಟರ್ ಮ್ಯಾಗ್ನಮ್ (1963) ದೂರದ ಈಡಿಗೆ. .338 ವಿಂಚೆಸ್ಟರ್ ಮ್ಯಾಗ್ನಮ್ (1958) ದೊಡ್ಡ ಕರಡಿ ಓಡಾಡುವ ಜಾಗಕ್ಕೆ. .308ರಿಂದಲೂ ಎಲ್ಕ್ ಬೀಳುತ್ತದೆ, ದೂರ ಕಡಿಮೆ ಇಟ್ಟುಕೊಳ್ಳಬೇಕು ಅಷ್ಟೇ.

*ಕೇಪ್ ಎಮ್ಮೆ, ಆನೆಯಂಥ ಅಪಾಯದ ಪ್ರಾಣಿಗಳು.* 1912ರ .375 ಎಚ್ ಅಂಡ್ ಎಚ್ ಇಲ್ಲಿ ಮೊದಲ ಮೆಟ್ಟಿಲು. ಆಫ್ರಿಕಾದ ಹಲವು ದೇಶಗಳಲ್ಲಿ ಇದೇ ಕನಿಷ್ಠ ಮಿತಿ. ಇದರ ಮೇಲೆ .416 ರಿಗ್ಬಿ, .458 ವಿಂಚೆಸ್ಟರ್ ಮ್ಯಾಗ್ನಮ್. ಎಮ್ಮೆಗೆ ಮೊದಲ ಈಡು ಅರಳುವ ಗಟ್ಟಿ ಗುಂಡು, ನಂತರದ್ದು ಅರಳದ ಸಾಲಿಡ್ ಗುಂಡು ಎನ್ನುವುದು ಹಳೆಯ ವಾಡಿಕೆ. ಸ್ಕಾಟ್ಲೆಂಡಿನ ಬೇಟೆಗಾರ ಡಬ್ಲ್ಯೂ.ಡಿ.ಎಂ. ಬೆಲ್ ನೂರು ವರ್ಷದ ಹಿಂದೆ 7×57ನಂಥ ಸಣ್ಣ ತೋಟಾದಿಂದ ಆನೆ ಹೊಡೆದದ್ದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಆತ ಹೊಡೆದದ್ದು ಮಿದುಳಿಗೆ, ಅದೂ ಆನೆಯ ತಲೆಬುರುಡೆಯ ಒಳರಚನೆಯನ್ನು ಕೊಯ್ದು ನೋಡಿ ಕಲಿತ ಮೇಲೆ. ಅದನ್ನು ಉದಾಹರಣೆ ಕೊಟ್ಟು ಸಣ್ಣ ತೋಟಾ ಒಯ್ಯುವುದು ಹುಚ್ಚುತನ.

ಹಂತ 6: ದೂರದ ಲೆಕ್ಕ ಹಾಕಿ

ಮ್ಯಾಗ್ನಮ್ (ಹೆಚ್ಚು ಮದ್ದಿನ, ಹೆಚ್ಚು ಶಕ್ತಿಯ ತೋಟಾ) ಬೇಕೇ ಬೇಕು ಅನ್ನುವವರು ಈ ಲೆಕ್ಕ ನೋಡಿ. .308ರ 150 ಗ್ರೇನ್ ಗುಂಡನ್ನು 200 ಮೀಟರ್‌ಗೆ ಗುರಿ ಕಟ್ಟಿದರೆ 300 ಮೀಟರ್‌ನಲ್ಲಿ ಅದು ಹೆಚ್ಚುಕಡಿಮೆ 25 ಸೆಂಟಿಮೀಟರ್ ಕೆಳಗಿರುತ್ತದೆ. .300 ಮ್ಯಾಗ್ನಮ್‌ನಲ್ಲಿ ಅದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಕಡಿಮೆ ಇಳಿತ. ಅಷ್ಟೇ. ಜಿಂಕೆಯ ಎದೆಯಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು 20 ಸೆಂಟಿಮೀಟರ್ ಅಗಲ, ಎಲ್ಕ್‌ನಲ್ಲಿ 30ಕ್ಕೂ ಜಾಸ್ತಿ. 250 ಮೀಟರ್ ಒಳಗೆ ಬೇಟೆ ಆಡುವವರಿಗೆ ಈ ನಾಲ್ಕೈದು ಸೆಂಟಿಮೀಟರ್ ಲೆಕ್ಕಕ್ಕೇ ಬರುವುದಿಲ್ಲ.

ನಿಮ್ಮ ದೂರವನ್ನು ತೋಟಾ ತೀರ್ಮಾನಿಸುವುದಿಲ್ಲ. ಬೆಂಚಿನ ಮೇಲೆ ಅಲ್ಲ, ಮಂಡಿಯೂರಿ, ಕೋಲಿಗೆ ಆನಿಸಿ, ಸ್ವಲ್ಪ ಏದುಸಿರಿನಲ್ಲಿ ಐದಕ್ಕೆ ಐದು ಗುಂಡು ಆ 20 ಸೆಂಟಿಮೀಟರ್ ವೃತ್ತದೊಳಗೆ ಎಷ್ಟು ದೂರದವರೆಗೆ ಬೀಳುತ್ತವೋ ಅದೇ ನಿಮ್ಮ ಮಿತಿ. ಬಹಳ ಜನರಿಗೆ ಅದು 200 ಮೀಟರ್ ಒಳಗೇ ಇರುತ್ತದೆ. ಈ ಪರೀಕ್ಷೆ ಮಾಡಿದ ಮೇಲೆ ಮ್ಯಾಗ್ನಮ್ ಆಸೆ ತಾನಾಗಿಯೇ ಇಳಿಯುತ್ತದೆ.

ಹಂತ 7: ಒದೆತವನ್ನು ಗಂಭೀರವಾಗಿ ತೆಗೆದುಕೊಳ್ಳಿ

ಸಾಮಾನ್ಯ ತೂಕದ ಬೇಟೆ ರೈಫಲ್‌ನಲ್ಲಿ ಒದೆತದ ಶಕ್ತಿ .243ಗೆ ಸುಮಾರು 12 ಜೂಲ್, 6.5 ಕ್ರೀಡ್‌ಮೂರ್‌ಗೆ 16, .308ಗೆ 21, .30-06ಗೆ 27, .300 ಮ್ಯಾಗ್ನಮ್‌ಗೆ 35, .375ಗೆ 50. ಇಪ್ಪತ್ತರ ಸುಮಾರು ಬಹಳ ಜನರಿಗೆ ಹಿತ. ಇಪ್ಪತ್ತೇಳು ದಾಟಿದರೆ ಹೆಚ್ಚಿನವರ ಮೈ ಬಿಗಿಯುತ್ತದೆ, ಟ್ರಿಗರ್ ಒತ್ತುವ ಕ್ಷಣ ಕಣ್ಣು ಮುಚ್ಚುತ್ತದೆ, ಗುಂಡು ಎಲ್ಲೋ ಹೋಗುತ್ತದೆ.

ಇದನ್ನು ಪತ್ತೆ ಮಾಡುವುದು ಸುಲಭ. ಗುರಿ ಮೈದಾನದಲ್ಲಿ ಗೆಳೆಯರೊಬ್ಬರು ನಿಮಗೆ ತಿಳಿಯದಂತೆ ಕೆಲವೊಮ್ಮೆ ನಿಜವಾದ ತೋಟಾ, ಕೆಲವೊಮ್ಮೆ ಮದ್ದಿಲ್ಲದ ಡಮ್ಮಿ ತುಂಬಿಕೊಡಲಿ. ಡಮ್ಮಿ ಇದ್ದಾಗ ನಳಿಗೆ ತುದಿ ಹಾರಿದರೆ ತಪ್ಪು ಒದೆತದ ಭಯದ್ದು. ಹೆಗಲಿಗೆ ಆನುವ ಮೆತ್ತನೆ ಹಿಂಪಟ್ಟಿ, ಸ್ವಲ್ಪ ಭಾರದ ರೈಫಲ್, ಹಗುರ ಗುಂಡು, ಇವು ಒದೆತ ತಗ್ಗಿಸುತ್ತವೆ. ನಳಿಗೆ ತುದಿಗೆ ಹಾಕುವ ಮಜಲ್ ಬ್ರೇಕ್ ಕೂಡ ತಗ್ಗಿಸುತ್ತದೆ, ಆದರೆ ಸದ್ದು ಕಿವಿಗೆ ಬಹಳ ಕೆಟ್ಟದ್ದು. ಇವೆಲ್ಲ ಮಾಡಿಯೂ ಭಯ ಹೋಗದಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಸುಮ್ನೆ ಹಟ ಮಾಡಿ ಪ್ರಯೋಜನವಿಲ್ಲ.

ಹಂತ 8: ನಿಮ್ಮದೇ ರೈಫಲ್‌ನಲ್ಲಿ ಹೊಡೆದು ನೋಡಿ

ನಳಿಗೆ ಒಳಗಿನ ಸುರುಳಿ ಗೆರೆಗಳು ಎಷ್ಟು ಇಂಚಿಗೆ ಒಂದು ಸುತ್ತು ಹಾಕುತ್ತವೆ ಎಂಬುದಕ್ಕೆ ಟ್ವಿಸ್ಟ್ ಅನ್ನುತ್ತಾರೆ. ಉದ್ದ ಗುಂಡಿಗೆ ವೇಗದ ತಿರುವು ಬೇಕು. 12 ಇಂಚಿಗೆ ಒಂದು ಸುತ್ತು ಹಾಕುವ ಹಳೆಯ .223 ನಳಿಗೆಯಲ್ಲಿ 55 ಗ್ರೇನ್ ಚೆನ್ನಾಗಿ ಹೋಗುತ್ತದೆ. 77 ಗ್ರೇನ್ ಹಾಕಿದರೆ ಗುಂಡು ತೂರಾಡಿ ಕಾಗದಕ್ಕೆ ಅಡ್ಡಡ್ಡ ಬಡಿಯುತ್ತದೆ. ತಾಮ್ರದ ಉದ್ದ ಗುಂಡು ಕೊಳ್ಳುವಾಗಲೂ ಈ ಅಂಕಿ ನೋಡಿ.

ಆಮೇಲೆ ಮೂರು ಬಗೆಯ ತೋಟಾ ಒಂದೊಂದು ಡಬ್ಬಿ ತನ್ನಿ. ಒಂದೇ ಕಂಪನಿಯ ಎರಡು ರೈಫಲ್‌ಗಳೂ ಒಂದೇ ತೋಟಾವನ್ನು ಇಷ್ಟಪಡುವುದಿಲ್ಲ. ನಳಿಗೆ ತಣ್ಣಗಾಗಲು ಬಿಟ್ಟು, ಪ್ರತಿಯೊಂದರಲ್ಲೂ 100 ಮೀಟರ್‌ಗೆ ಕೆಲವು ಗುಂಪು ಹೊಡೆಯಿರಿ, ಅಂದರೆ ಒಂದೇ ಗುರಿಗೆ ಸಾಲಾಗಿ ಕೆಲವು ಗುಂಡು. ಗುಂಪು ನಾಲ್ಕು ಸೆಂಟಿಮೀಟರ್ ಒಳಗಿದ್ದರೆ ಬೇಟೆಗೆ ಸಾಕು. ಅದಕ್ಕಿಂತ ಸಣ್ಣದರ ಹಿಂದೆ ಬಿದ್ದು ದುಡ್ಡು ಸುಡಬೇಡಿ. ತಣ್ಣನೆ ನಳಿಗೆಯ ಮೊದಲ ಗುಂಡು ಎಲ್ಲಿ ಬೀಳುತ್ತದೆ ಅನ್ನುವುದನ್ನು ಬೇರೆಯಾಗಿ ಬರೆದಿಡಿ. ಕಾಡಿನಲ್ಲಿ ನೀವು ಹೊಡೆಯುವುದು ಅದನ್ನೇ, ಅಲ್ವಾ?

ಒಂದು ಬಗೆ ಹೊಂದಿತು ಅಂದಮೇಲೆ ಅದೇ ಲಾಟ್ ಸಂಖ್ಯೆಯ (ಒಂದೇ ಕಂತಿನಲ್ಲಿ ತಯಾರಾದ) ನಾಲ್ಕಾರು ಡಬ್ಬಿ ಒಟ್ಟಿಗೆ ಕೊಂಡಿಡಿ. ಲಾಟ್ ಬದಲಾದರೆ, ಗುಂಡಿನ ತೂಕ ಬದಲಾದರೆ, ಬೇಟೆಗೆ ಹೊರಡುವ ಮೊದಲು ಮತ್ತೆ ಗುರಿ ಕಟ್ಟಬೇಕು.